ಕೆಂಪು ಬರ್ಗಂಡಿಯ ಎಂಟು ಬಾಟಲಿಗಳು: ಮನಗೆದ್ದ ವೊಲ್ನೇ, ಇನ್ನೂ ಕಾಯಬೇಕಾದ ಗ್ರಾಂ ಕ್ರೂ

ಗೆಳೆಯರೊಬ್ಬರ ಮನೆಯಲ್ಲಿ ನಾವೆಲ್ಲ ಸೇರಿ ರುಚಿ ನೋಡಿದ, ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಎಂಟು ಕೆಂಪು ವೈನ್‌ಗಳಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಆ ಸಂಜೆಯ ಮಟ್ಟಿಗೆ ಕಡಿಮೆ ಸಂತೋಷ ಕೊಟ್ಟಿತು. ಗ್ರಾಂ ಕ್ರೂ ಎಂಬ ಅತ್ಯುನ್ನತ ದರ್ಜೆಯ ಪಟ್ಟ ಪಡೆದ ತೋಟ ಒಂದೂ ಇಲ್ಲದ ಊರಿನಿಂದ ಬಂದ, ವಯಸ್ಸಾದ ಬಾಟಲಿಯೊಂದು ಮೇಜಿನ ಸುತ್ತ ಕುಳಿತವರನ್ನೆಲ್ಲ ಒಲಿಸಿಕೊಂಡಿತು. ದುಬಾರಿ ವೈನ್‌ಗೆ ಕೊಡುವ ಹಣ ದಂಡ ಎಂದು ಇದರಿಂದ ಯಾರೂ ತೀರ್ಮಾನಿಸಬಾರದು. ಬರ್ಗಂಡಿಯ ಲೇಬಲ್ ಮೇಲೆ ಅಚ್ಚಾಗಿರುವ ದರ್ಜೆಯಿಂದ ಆ ತೋಟದ ಯೋಗ್ಯತೆ ತಿಳಿಯುತ್ತದೆಯೇ ಹೊರತು, ಬಾಟಲಿಯೊಳಗಿನ ವೈನ್ ಇಂದು ಕುಡಿಯುವ ಹದಕ್ಕೆ ಬಂದಿದೆಯೇ ಎಂಬುದು ತಿಳಿಯುವುದಿಲ್ಲ. ಗೆಳೆಯರ ಕೂಟಕ್ಕಾಗಿ ಬಾಟಲಿ ಆರಿಸುವವರು ದರ್ಜೆಯನ್ನು ನೋಡುವ ಮೊದಲು ಕೊಯ್ಲಿನ ವರ್ಷವನ್ನು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಏರ್ಪಾಡು ಸರಳವಾಗಿತ್ತು. ನಾವು ಎಂಟು ಮಂದಿ. ಪ್ರತಿಯೊಬ್ಬರೂ ಒಂದೊಂದು ಕೆಂಪು ಬರ್ಗಂಡಿಯನ್ನು ತರಬೇಕು, ಅದರ ಊರು ಮತ್ತೊಬ್ಬರು ತರುವುದಕ್ಕಿಂತ ಬೇರೆಯಾಗಿರಬೇಕು ಎಂಬುದಷ್ಟೇ ನಿಯಮ. 750 ಮಿಲಿಲೀಟರಿನ ಬಾಟಲಿಯನ್ನು ಎಂಟು ಜನರಿಗೆ ಹಂಚಿದರೆ ತಲಾ 90 ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಒಂದು ವೈನ್ ಅನ್ನು ಸುರಿದೊಡನೆ ಒಮ್ಮೆ, ಅರ್ಧ ಗಂಟೆಯ ಅನಂತರ ಮತ್ತೊಮ್ಮೆ, ಊಟದ ಜೊತೆ ಇನ್ನೊಮ್ಮೆ ನೋಡುವುದಕ್ಕೆ ಅಷ್ಟು ಧಾರಾಳವಾಗಿ ಸಾಕು. ವಾಹನ ಓಡಿಸಬೇಕಾಗಿದ್ದವರಿಗೆ ಉಗುಳಲು ಪಾತ್ರೆ ಇಟ್ಟಿದ್ದೆವು. ರುಚಿ ನೋಡುವುದಕ್ಕೆ ನುಂಗಲೇಬೇಕೆಂದೇನೂ ಇಲ್ಲ. ಅಂಕ ಕೊಡುವುದು ಬೇಡವೆಂದು ಮೊದಲೇ ಒಪ್ಪಿಕೊಂಡಿದ್ದೆವು.

ಈ ಬರಹದಲ್ಲಿ ತಯಾರಕರ ಹೆಸರುಗಳನ್ನು ನಾನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ. ಒಬ್ಬ ತಯಾರಕರ ಒಂದೇ ಬಾಟಲಿಯನ್ನು, ಒಂದೇ ಸಂಜೆ, ಎಂಟು ಜನರ ಮಾತಿನ ನಡುವೆ ಕುಡಿದು ಅವರ ಕೆಲಸದ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ. ಊರು, ತೋಟ, ವರ್ಷ ಇವುಗಳ ಬಗ್ಗೆ ಹೇಳಲು ಮಾತ್ರ ಆ ಮೇಜಿನ ಮೇಲೆ ಸಾಕಷ್ಟು ಆಧಾರವಿತ್ತು.

ಈ ವೈನ್‌ಗಳಿಗೆ ಹೊಸಬರಾದವರಿಗಾಗಿ ದರ್ಜೆಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಫ್ರಾನ್ಸಿನ ಬರ್ಗಂಡಿಯಲ್ಲಿ ಕೆಳಗಿನ ಮೆಟ್ಟಿಲು ಇಡೀ ಪ್ರಾಂತ್ಯದ ಹೆಸರಿನಲ್ಲಿ ಬರುವ ‘ಬೂರ್ಗೋನ್’. ಅದರ ಮೇಲೆ ಒಂದು ಊರಿನ ಹೆಸರು ಹೊತ್ತ ವೈನ್. ಅದಕ್ಕೂ ಮೇಲೆ, ಊರಿನ ಹೆಸರಿನ ಜೊತೆಗೆ ತೋಟದ ಹೆಸರನ್ನೂ ಸಾಮಾನ್ಯವಾಗಿ ಹೇಳುವ ಪ್ರೆಮಿಯೆ ಕ್ರೂ. ತುದಿಯಲ್ಲಿ, ಊರಿನ ಹಂಗಿಲ್ಲದೆ ತೋಟದ ಹೆಸರಿನಿಂದಲೇ ಮಾರಾಟವಾಗುವ ಗ್ರಾಂ ಕ್ರೂ. ಪ್ರೆಮಿಯೆ ಕ್ರೂ ತೋಟಗಳು 600ಕ್ಕೂ ಹೆಚ್ಚು ಇವೆ. ಗ್ರಾಂ ಕ್ರೂಗಳು ಬಿಳಿ ವೈನಿನವೂ ಸೇರಿ 33 ಮಾತ್ರ, ಇಡೀ ಪ್ರಾಂತ್ಯದ ಉತ್ಪಾದನೆಯಲ್ಲಿ ಅವುಗಳ ಪಾಲು ನೂರಕ್ಕೆ ಒಂದೆರಡು. ದಿಜೋನ್ ನಗರದ ದಕ್ಷಿಣಕ್ಕೆ ಚಾಚಿರುವ ಕೋತ್ ದೋರ್ ಎಂಬ ಇಳಿಜಾರು ಇದರ ಹೃದಯಭಾಗ. ಅದರ ಉತ್ತರಾರ್ಧಕ್ಕೆ ಕೋತ್ ದ ನ್ವಿ ಎಂದೂ, ಬೋನ್ ಪಟ್ಟಣವಿರುವ ದಕ್ಷಿಣಾರ್ಧಕ್ಕೆ ಕೋತ್ ದ ಬೋನ್ ಎಂದೂ ಹೆಸರು. ಗಡಿ ಗುರುತಿಸಿ ಹೆಸರಿಟ್ಟ 1,247 ತುಂಡು ಭೂಮಿಗಳನ್ನು 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆಂಪು ವೈನಿನ ದ್ರಾಕ್ಷಿ ಮಾತ್ರ ಎಲ್ಲ ಕಡೆಯೂ ಬಹುಮಟ್ಟಿಗೆ ಒಂದೇ, ಪಿನೋ ನ್ವಾರ್. ತಳಿ ಒಂದೇ ಆದುದರಿಂದ ಮಣ್ಣು, ವರ್ಷ, ತಯಾರಿಕೆ ಇವುಗಳ ಅಂತರ ನಾಲಿಗೆಗೆ ಸ್ಪಷ್ಟವಾಗಿ ಸಿಗುತ್ತದೆ, ಈ ಬಗೆಯ ಕೂಟಕ್ಕೆ ಬರ್ಗಂಡಿ ಅಷ್ಟು ಚೆನ್ನಾಗಿ ಒದಗಿಬರುವುದೂ ಅದರಿಂದಲೇ.

ಬಡಿಸುವ ವಿಧಾನದಲ್ಲಿ ಎರಡು ವಿಷಯಗಳು ಫಲ ಕೊಟ್ಟವು. ಮೊದಲನೆಯದು ಉಷ್ಣತೆ. ಬಾಟಲಿಗಳನ್ನು ತಂಪಾಗಿಟ್ಟು, ಸುಮಾರು 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುರಿಯಲು ಆರಂಭಿಸಿದೆವು. ಕೆಂಪು ವೈನ್ ಅನ್ನು ಕೋಣೆಯ ಶಾಖದಲ್ಲಿ ಕುಡಿಯಬೇಕೆಂಬ ಮಾತು ಚಾಲ್ತಿಯಲ್ಲಿದ್ದರೂ ಪಿನೋ ನ್ವಾರ್‌ಗೆ ಅದು ಒಪ್ಪುವುದಿಲ್ಲ. 20 ಡಿಗ್ರಿ ದಾಟಿದರೆ ಮದ್ಯಸಾರದ ಘಾಟು ಮೇಲೆದ್ದು ಹಣ್ಣಿನ ಕಂಪನ್ನು ಮುಚ್ಚಿಬಿಡುತ್ತದೆ. ಎರಡನೆಯದು ಗ್ಲಾಸು. ಹೊಟ್ಟೆ ಅಗಲವಾಗಿ ಬಾಯಿ ಕಿರಿದಾಗುವ ದೊಡ್ಡ ಗ್ಲಾಸಿನ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ತುಂಬಿಸದಿದ್ದರೆ ಕಂಪು ಒಳಗೇ ನಿಲ್ಲುತ್ತದೆ. ಒಬ್ಬ ಗೆಳೆಯರು ಅದೇ ವೈನ್ ಅನ್ನು ಸಣ್ಣ ನೀರಿನ ಲೋಟಕ್ಕೂ ಸುರಿದು ಹೋಲಿಸಿ ನೋಡಿದರು; ಲೋಟದಲ್ಲಿ ಹುಳಿಯೊಂದೇ ಉಳಿದಿತ್ತು.

ಮೊದಲು ಸುರಿದದ್ದು 2022ರ ಬೂರ್ಗೋನ್. ಆ ವರ್ಷ ಬೆಚ್ಚಗಿನ ಹವೆಯೊಂದಿಗೆ ಒಳ್ಳೆಯ ಬೆಳೆಯನ್ನೂ ಕೊಟ್ಟಿತ್ತು. ಚೆರ್ರಿ ಮತ್ತು ರಾಸ್ಪ್‌ಬೆರಿಯ ನೇರವಾದ ಕಂಪು, ಬಾಯಲ್ಲಿ ನೀರೂರಿಸುವ ಹುಳಿ, ಹೆಚ್ಚು ಒಗರಿಲ್ಲ. ಬುನಾದಿಯ ದರ್ಜೆಯ ವೈನ್ ಕೊಡಬೇಕಾದದ್ದನ್ನು ಇದು ಪೂರ್ತಿ ಕೊಟ್ಟಿತು, ಎಳೆಯದಾಗಿರುವಾಗಲೇ ಕೊಟ್ಟಿತು. ಇದನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಎರಡನೆಯದಾಗಿ ಬಂದದ್ದು ಕೋತ್ ದ ಬೋನ್‌ಗೂ ದಕ್ಷಿಣಕ್ಕಿರುವ ಕೋತ್ ಶಾಲೊನೇಸ್‌ನ ಮೆರ್ಕ್ಯುರೇ, 2020ರದ್ದು. ದುರದೃಷ್ಟವಶಾತ್ ಅದರ ಕಾರ್ಕ್ ಕೆಟ್ಟಿತ್ತು. ಒದ್ದೆಯಾದ ರಟ್ಟಿನ ವಾಸನೆ ಮೊದಲ ಉಸಿರಿಗೇ ಬಂದಿತು, ಹಣ್ಣು ಎಲ್ಲೂ ಕಾಣಲಿಲ್ಲ. ಟ್ರೈಕ್ಲೋರೋ ಅನಿಸೋಲ್ ಎಂಬ ರಾಸಾಯನಿಕ ಇದಕ್ಕೆ ಕಾರಣ. ಒಂದು ಲೀಟರಿನಲ್ಲಿ ಗ್ರಾಮಿನ ನೂರು ಕೋಟಿಯಲ್ಲಿ ಕೆಲವೇ ಪಾಲಿನಷ್ಟಿದ್ದರೂ ಮೂಗು ಅದನ್ನು ಹಿಡಿಯುತ್ತದೆ. ಗಾಳಿಗೆ ಬಿಟ್ಟರೆ ಇದು ಹೋಗುವುದಿಲ್ಲ, ಹೊತ್ತು ಹೋದಂತೆ ಇನ್ನಷ್ಟು ಎದ್ದು ಕಾಣುತ್ತದೆ. ಅದನ್ನು ತಂದ ಗೆಳತಿ ಬಹಳ ಬೇಸರಪಟ್ಟುಕೊಂಡರು. ತಂದವರದಾಗಲಿ ಊರಿನದಾಗಲಿ ಇದರಲ್ಲಿ ತಪ್ಪೇನೂ ಇಲ್ಲ, ನಿಜವಾದ ಕಾರ್ಕ್ ಹಾಕಿದ ಯಾವ ಬಾಟಲಿಗೂ ಈ ಅಪಾಯ ಇದ್ದೇ ಇದೆ. ಆದ್ದರಿಂದ ಮೆರ್ಕ್ಯುರೇ ಬಗ್ಗೆ ಈ ಬರಹದಲ್ಲಿ ಬೇರೆ ಅಭಿಪ್ರಾಯವಿಲ್ಲ.

ಸಾವಿನ್ಯಿ-ಲೆ-ಬೋನ್, 2017. ಬೋನ್ ಪಟ್ಟಣಕ್ಕೆ ಅಂಟಿಕೊಂಡಂತಿರುವ ಈ ಊರಿನ ವೈನ್‌ಗಳಿಗೆ ದೊಡ್ಡ ಹೆಸರಿಲ್ಲ. 2017ರ ಬೆಳೆ ಹೇರಳವಾಗಿತ್ತು. ಅದರ ವೈನ್‌ಗಳು ಬೇಗ ಹದಕ್ಕೆ ಬಂದವು. ಈ ಬಾಟಲಿಯಲ್ಲಿ ಒಗರು ಪೂರ್ತಿ ಕರಗಿತ್ತು, ಕೆಂಪು ಹಣ್ಣಿನ ಹಿಂದೆ ಒಣಗಿದ ಎಲೆಯ ಸಣ್ಣ ಘಮ ಬರತೊಡಗಿತ್ತು. ಸಿದ್ಧವಾಗಿರುವ ವೈನ್ ಎಂದರೆ ಏನೆಂದು ಹೊಸಬರಿಗೆ ತೋರಿಸಬೇಕಾದರೆ ನಾನು ಇಂಥದ್ದನ್ನೇ ತರುತ್ತೇನೆ. ಊಟದ ಹೊತ್ತಿಗೆ ಮೇಜಿನ ಮೇಲೆ ಮೊದಲು ಖಾಲಿಯಾದ ಬಾಟಲಿ ಇದೇ.

ಮುಂದಿನ ಎರಡನ್ನು ಬಟ್ಟೆ ಸುತ್ತಿ, ಹೆಸರು ಮರೆಸಿ, ಒಟ್ಟಿಗೆ ಸುರಿದೆವು. ಒಂದು 2017ರ ಶಾಂಬೋಲ್-ಮ್ಯುಸಿನ್ಯಿ, ಇನ್ನೊಂದು 2016ರ ಜೆವ್ರೆ-ಶಾಂಬರ್ತಾಂ. ಎರಡೂ ಊರಿನ ಹೆಸರಿನ ದರ್ಜೆಯವು, ಎರಡೂ ಕೋತ್ ದ ನ್ವಿಯವು, ಊರುಗಳ ನಡುವೆ ಇರುವುದು ಮೊರೇ-ಸೇಂ-ದನಿ ಎಂಬ ಒಂದೇ ಗ್ರಾಮ. ಇಷ್ಟು ಹತ್ತಿರದ ಎರಡು ವೈನ್‌ಗಳಲ್ಲಿ ಯಾವುದು ಯಾವುದೆಂದು ಹೇಳಬಹುದೇ ಎಂಬ ಅನುಮಾನ ಕೆಲವರಿಗಿತ್ತು. ಆದರೂ ಬಹುಪಾಲು ಮಂದಿ ಸರಿಯಾಗಿಯೇ ಹೇಳಿದರು, ಕಾರಣವನ್ನೂ ಕೊಟ್ಟರು.

ಶಾಂಬೋಲ್ ಬಣ್ಣದಲ್ಲಿ ತಿಳಿಯಾಗಿತ್ತು. ಗ್ಲಾಸಿನ ಹಿಂದೆ ಬೆರಳಿಟ್ಟರೆ ಉಗುರು ಕಾಣುವಷ್ಟು ತಿಳಿ. ಫ್ರಾನ್ಸಿನ ಇನ್ನೊಂದು ಪ್ರಾಂತ್ಯವಾದ ಬೋರ್ದೋದ ಗಾಢ ಬಣ್ಣದ ವೈನ್‌ಗಳನ್ನು ಹೆಚ್ಚು ಮೆಚ್ಚುವ ಗೆಳೆಯರೊಬ್ಬರು, “ಇದು ನೀರಾಗಿಲ್ಲವೇ?” ಎಂದು ಕೇಳಿದರು. ಪಿನೋ ನ್ವಾರ್‌ನ ಸಿಪ್ಪೆ ತೆಳ್ಳಗಿರುತ್ತದೆ, ಅದರಲ್ಲಿ ಬಣ್ಣದ ಅಂಶ ಕಡಿಮೆ. ಅದರ ಬಣ್ಣದ ಗಾಢತೆಯಿಂದ ರುಚಿಯ ಆಳವನ್ನು ಅಳೆಯಲಾಗದು. ಅವರು ಒಂದು ಗುಟುಕು ಬಾಯಲ್ಲಿರಿಸಿಕೊಂಡು ನಿಧಾನವಾಗಿ ನುಂಗಿದ ಮೇಲೆ ಆ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ. ಗುಲಾಬಿಯ ಎಸಳು, ಕೆಂಪು ಚೆರ್ರಿ, ಲವಂಗದ ಒಂದು ಸುಳಿವು. ಬಾಯಲ್ಲಿ ಭಾರವೇ ಇಲ್ಲದ ನುಣುಪು, ನುಂಗಿದ ಮೇಲೂ ಉಳಿಯುವ ಕಂಪು. ಈ ಊರಿನ ಇಳಿಜಾರಿನಲ್ಲಿ ಸುಣ್ಣಕಲ್ಲಿನ ಅಂಶ ಹೆಚ್ಚು, ಜೇಡಿ ಕಡಿಮೆ. ಇಲ್ಲಿನ ವೈನ್‌ಗಳು ಬಲಕ್ಕಿಂತ ನಯಕ್ಕೆ ಹೆಸರಾಗಿರುವುದಕ್ಕೆ ಬೆಳೆಗಾರರು ಸಾಮಾನ್ಯವಾಗಿ ಕೊಡುವ ವಿವರಣೆ ಇದು.

ಇದರಲ್ಲಿ ಹಸಿರು ತೊಟ್ಟಿನ, ಚಹಾ ಎಲೆಯ ಒಂದು ಘಮವೂ ಇತ್ತು. ನನಗೆ ತಿಳಿದ ಮಟ್ಟಿಗೆ ಅದು ದ್ರಾಕ್ಷಿಯನ್ನು ಗೊಂಚಲಿನ ತೊಟ್ಟಿನ ಸಮೇತ ಹುದುಗಿಸಿದ್ದರ ಗುರುತು. ಈ ವಿಷಯದಲ್ಲಿ ಬರ್ಗಂಡಿಯ ಅತ್ಯುತ್ತಮ ತಯಾರಕರಲ್ಲೇ ಒಮ್ಮತವಿಲ್ಲ: ದೊಮೇನ್ ದ ಲಾ ರೊಮಾನೇ-ಕೋಂತಿ ಮತ್ತು ದ್ಯುಜಾಕ್ ಇಡೀ ಗೊಂಚಲನ್ನು ಬಳಸುವುದಕ್ಕೆ ಪ್ರಸಿದ್ಧರು, 2006ರಲ್ಲಿ ತೀರಿಕೊಂಡ ವೋನ್-ರೊಮಾನೇಯ ಆನ್ರಿ ಜಾಯೇ ತೊಟ್ಟನ್ನೆಲ್ಲ ಬಿಡಿಸಿ ಹಣ್ಣನ್ನು ಮಾತ್ರ ಹುದುಗಿಸಬೇಕೆಂದು ಹಟ ಹಿಡಿದವರು. ನಮ್ಮ ಮೇಜಿನಲ್ಲೂ ಅಭಿಪ್ರಾಯ ಎರಡಾಯಿತು. ಹಣ್ಣು ಮಾಗಿದ ವರ್ಷದಲ್ಲಿ ತೊಟ್ಟಿನ ಘಮ ವೈನ್‌ಗೆ ಒಂದು ತಾಜಾತನ ಕೊಡುತ್ತದೆ ಎಂಬ ಪಕ್ಷ ನನ್ನದು. ತೊಟ್ಟೇ ಮಾಗದೆ ಉಳಿದ ತಂಪು ವರ್ಷಗಳಲ್ಲಿ ಅದೇ ಘಮ ಕಹಿಯಾಗಬಹುದು ಎಂಬುದನ್ನೂ ಒಪ್ಪುತ್ತೇನೆ.

ಜೆವ್ರೆ ಆರಂಭದಲ್ಲಿ ಹೆದರಿಸಿತು. ಆಗತಾನೆ ಗೀರಿದ ಬೆಂಕಿಕಡ್ಡಿಯ ವಾಸನೆ, ಅದರ ಹಿಂದೆ ಸ್ವಲ್ಪ ಗಂಧಕ. ಸ್ವಲ್ಪ ಹೊತ್ತಿನ ಹಿಂದಷ್ಟೇ ಕೆಟ್ಟ ಕಾರ್ಕಿನ ಬಾಟಲಿಯನ್ನು ಕಂಡಿದ್ದರಿಂದ ಇದೂ ಹಾಳಾಗಿದೆಯೆಂದು ಇಬ್ಬರು ಗ್ಲಾಸನ್ನು ಪಕ್ಕಕ್ಕೆ ಸರಿಸಿದರು. ಎರಡು ವಾಸನೆಗಳ ವ್ಯತ್ಯಾಸ ಅರಿತಿರುವುದು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಪೀಪಾಯಿಯಲ್ಲೂ ಬಾಟಲಿಯಲ್ಲೂ ಆಮ್ಲಜನಕ ಸಾಕಷ್ಟು ಸಿಗದೆ ಹುಟ್ಟುವ ಈ ಗಂಧಕದ ವಾಸನೆ ಗ್ಲಾಸನ್ನು ನಾಲ್ಕು ಸಲ ತಿರುಗಿಸಿ ಗಾಳಿ ಆಡಿಸಿದರೆ ಬಹಳಷ್ಟು ಸಲ ಹೋಗಿಬಿಡುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಪ್ಪು ಚೆರ್ರಿ, ಹದ ಮಾಡಿದ ಚರ್ಮ, ಸುಟ್ಟ ಮಾಂಸದ ಅಂಚಿನಂಥ ಒಂದು ಗಾಢವಾದ ಘಮ ಎದ್ದು ಬಂದವು. ಒಗರು ಹಲ್ಲಿನ ಬುಡಕ್ಕೆ ಹಿಡಿಯುವಷ್ಟು ಗಟ್ಟಿಯಾಗಿದ್ದರೂ ಒರಟಾಗಿರಲಿಲ್ಲ. 2016ರ ಏಪ್ರಿಲ್ ಕೊನೆಯಲ್ಲಿ ಬಿದ್ದ ಹಿಮ ಕೋತ್ ದೋರ್‌ನ ಹಲವು ಊರುಗಳ ಚಿಗುರನ್ನು ಸುಟ್ಟಿತ್ತು, ಶಾಂಬೋಲ್ ಬಹಳ ಪೆಟ್ಟು ತಿಂದ ಊರುಗಳಲ್ಲೊಂದು. ಅಳಿದುಳಿದ ಬೆಳೆಯಿಂದ ಬಂದ ವೈನ್‌ಗಳಲ್ಲಿ ಹಣ್ಣು ಮತ್ತು ಹುಳಿ ಎರಡೂ ಗಟ್ಟಿಯಾಗಿವೆ. ಈ ಜೆವ್ರೆ ಇನ್ನೂ ನಾಲ್ಕೈದು ವರ್ಷ ನೆಮ್ಮದಿಯಾಗಿ ನಿಲ್ಲುತ್ತದೆ.

ಜೆವ್ರೆ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಕೋತ್ ದ ನ್ವಿಯಲ್ಲಿ ಅತಿ ದೊಡ್ಡ ದ್ರಾಕ್ಷಿ ಗ್ರಾಮವಾದ ಇಲ್ಲಿ ಒಂಬತ್ತು ಗ್ರಾಂ ಕ್ರೂ ತೋಟಗಳಿವೆ. ಅದರ ಜೊತೆಗೆ ಊರಿನ ಹೆಸರಿಗೆ ಅರ್ಹವಾದ ಭೂಮಿ ಇಳಿಜಾರನ್ನು ದಾಟಿ ಹೆದ್ದಾರಿಯ ಪೂರ್ವದ ಸಮತಟ್ಟಿಗೂ ಹಬ್ಬಿದೆ. ಹಾಗಾಗಿ ಜೆವ್ರೆ-ಶಾಂಬರ್ತಾಂ ಎಂಬ ಒಂದೇ ಹೆಸರಿನಡಿ ಬಹಳ ಒಳ್ಳೆಯದೂ ತೀರಾ ಸಾಧಾರಣವಾದದ್ದೂ ಸಿಗುತ್ತವೆ. ಊರು ತನ್ನ ಅತಿ ಪ್ರಸಿದ್ಧ ತೋಟದ ಹೆಸರನ್ನು 1847ರಲ್ಲಿ ತನ್ನ ಹೆಸರಿಗೆ ಸೇರಿಸಿಕೊಂಡದ್ದರಿಂದ, ಲೇಬಲ್ ಮೇಲಿನ ಶಾಂಬರ್ತಾಂ ಎಂಬ ಪದವನ್ನು ಕಂಡು ಗ್ರಾಂ ಕ್ರೂ ಎಂದು ಭಾವಿಸುವವರೂ ಇದ್ದಾರೆ.

ಆಮೇಲೆ ಬಂದದ್ದು ವೊಲ್ನೇ. ಪಕ್ಕದ ಊರಾದ ಪೊಮ್ಮಾರ್‌ನ ಬಾಟಲಿಗಿಂತ ಮೊದಲು ಇದನ್ನು ಸುರಿಯಬೇಕೆಂದು ಮನೆಯ ಯಜಮಾನರು ಒತ್ತಾಯಿಸಿದರು. ಬಲವಾದ ಎಳೆ ವೈನ್ ಕುಡಿದ ನಾಲಿಗೆಗೆ ಹಳೆಯ ವೈನಿನ ಸೂಕ್ಷ್ಮಗಳು ಸಿಗುವುದಿಲ್ಲ ಎಂಬ ಅವರ ಮಾತು ಸರಿಯಾಗಿತ್ತು. ಪ್ರೆಮಿಯೆ ಕ್ರೂ ದರ್ಜೆಯ ಕ್ಲೋ ದೆ ಶೇನ್ ತೋಟ, 2010. ಈ ತೋಟವಿರುವುದು ಊರಿನ ದಕ್ಷಿಣದ ಅಂಚಿನಲ್ಲಿ, ಮೊಂತೆಲಿ ಗ್ರಾಮದ ಕಡೆಗೆ. 2010 ದಪ್ಪಗೆ ಮಾಗಿದ ವರ್ಷವಲ್ಲ: ಹೂ ಕಟ್ಟುವ ಹೊತ್ತಿಗೆ ಹವೆ ಕೈಕೊಟ್ಟು ಕಾಯಿ ಕಡಿಮೆ ನಿಂತಿತು, ಬೇಸಿಗೆ ತಂಪಾಗಿಯೇ ಸಾಗಿತು, ಬೆಳೆ ಸಣ್ಣದಾಯಿತು. ಆದರೆ ಬಂದಷ್ಟು ಹಣ್ಣಿನಲ್ಲಿ ಸಿಹಿ, ಹುಳಿ, ಒಗರು ಮೂರೂ ಹದವಾಗಿ ಕೂಡಿದ್ದವು. ಅಂಥ ವರ್ಷದ ವೈನ್‌ಗಳು ಎಳೆಯದರಲ್ಲಿ ಬಿಗಿಯಾಗಿದ್ದು, ಕಾಯ್ದವರಿಗೆ ತಡವಾಗಿ ಒಲಿಯುತ್ತವೆ.

ಬಣ್ಣ ಅಂಚಿನಲ್ಲಿ ಇಟ್ಟಿಗೆಗೆ ತಿರುಗಿತ್ತು. ಬಾಟಲಿಯ ತಳದಲ್ಲಿ ಗಸಿ ಇದ್ದುದರಿಂದ ಹಿಂದಿನ ದಿನದಿಂದಲೇ ಅದನ್ನು ನೆಟ್ಟಗೆ ನಿಲ್ಲಿಸಿ, ಅಲುಗಿಸದೆ ತಂದು, ಕೊನೆಯ ಎರಡು ಬೆರಳಿನಷ್ಟನ್ನು ಬಾಟಲಿಯಲ್ಲೇ ಬಿಟ್ಟೆವು. ಬೇರೆ ಪಾತ್ರೆಗೆ ಬಗ್ಗಿಸಲಿಲ್ಲ. ಈ ವಯಸ್ಸಿನ ಪಿನೋ ನ್ವಾರ್‌ಗೆ ಒಮ್ಮೆಲೇ ಅಷ್ಟು ಗಾಳಿ ಕೊಡುವುದು ನನಗೆ ಇಷ್ಟವಿಲ್ಲ. ಮೊದಲ ಉಸಿರಿಗೆ ಮಳೆ ನಿಂತ ಮೇಲಿನ ಕಾಡಿನ ನೆಲ, ಅಣಬೆ, ಒಣಗಿದ ಗುಲಾಬಿ. ಹಣ್ಣು ಎಲ್ಲಿ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಕೆಂಪು ಚೆರ್ರಿ ಕೆಳಗಿನಿಂದ ಮೇಲೆ ಬಂದಿತು. ಬಾಯಲ್ಲಿ ಒಗರು ಇದೆ ಎಂದು ಹುಡುಕಿದರೆ ಮಾತ್ರ ಸಿಗುತ್ತಿತ್ತು. ಹುಳಿ ಇಡೀ ವೈನ್ ಅನ್ನು ನೆಟ್ಟಗೆ ಹಿಡಿದು ನಿಲ್ಲಿಸಿತ್ತು. ಹದಿನೈದು ನಿಮಿಷಕ್ಕೊಮ್ಮೆ ಗ್ಲಾಸಿಗೆ ಮೂಗಿಟ್ಟಾಗಲೂ ಬೇರೆ ಏನೋ ಇರುತ್ತಿತ್ತು: ಒಮ್ಮೆ ಕಿತ್ತಳೆ ಸಿಪ್ಪೆ, ಒಮ್ಮೆ ದಾಲ್ಚಿನ್ನಿ, ಇನ್ನೊಮ್ಮೆ ಕಬ್ಬಿಣದಂಥ ಒಂದು ಖನಿಜದ ಅಂಶ. ಮಾತುಕತೆ ತಾನಾಗಿಯೇ ಈ ಒಂದು ವೈನಿನ ಸುತ್ತ ನಿಂತಿತು. ತೆಳು ಬಣ್ಣವನ್ನು ಪ್ರಶ್ನಿಸಿದ್ದ ಗೆಳೆಯರೇ ಬಾಟಲಿಯನ್ನು ಕೈಗೆತ್ತಿಕೊಂಡು ತೋಟದ ಹೆಸರನ್ನು ಬರೆದುಕೊಂಡರು.

ವೊಲ್ನೇಯಲ್ಲಿ ಗ್ರಾಂ ಕ್ರೂ ಒಂದೂ ಇಲ್ಲ, ಪಕ್ಕದ ಪೊಮ್ಮಾರ್‌ನಲ್ಲೂ ಇಲ್ಲ. ದರ್ಜೆಯ ಪಟ್ಟಿಯನ್ನು ಮಾತ್ರ ನೋಡಿ ಕೊಳ್ಳುವವರು ಈ ಊರುಗಳನ್ನು ದಾಟಿ ಹೋಗುತ್ತಾರೆ. ಬೆಲೆಯ ದೃಷ್ಟಿಯಿಂದ ನೋಡಿದರೆ ಇದು ಉಳಿದವರಿಗೆ ಒಳ್ಳೆಯದೇ: ಹತ್ತು ಹನ್ನೆರಡು ವರ್ಷ ಕಳೆದ ಒಳ್ಳೆಯ ವೊಲ್ನೇ ಪ್ರೆಮಿಯೆ ಕ್ರೂ, ಅಂಗಡಿಗೆ ಈಗಷ್ಟೇ ಬಂದ ಎಳೆ ಗ್ರಾಂ ಕ್ರೂಗಿಂತ ಕಡಿಮೆ ಹಣಕ್ಕೆ ಸಿಗುವುದುಂಟು. ಹಳೆಯ ಬಾಟಲಿ ಕೊಳ್ಳುವಾಗ ಅದನ್ನು ಎಲ್ಲಿ, ಹೇಗೆ ಇಟ್ಟಿದ್ದರು ಎಂದು ವಿಚಾರಿಸಬೇಕು. ಬಾಟಲಿಯ ಕುತ್ತಿಗೆಯಲ್ಲಿ ವೈನಿನ ಮಟ್ಟ ಬಹಳ ಇಳಿದಿದ್ದರೆ, ಕಾರ್ಕ್ ಉಬ್ಬಿ ಹೊರಬಂದಿದ್ದರೆ ಕೊಳ್ಳಬಾರದು.

ಪೊಮ್ಮಾರ್, ಪ್ರೆಮಿಯೆ ಕ್ರೂ ಎಪೆನೋ, 2015. ವೊಲ್ನೇಗೆ ತಾಗಿಕೊಂಡೇ ಇರುವ ಊರಾದರೂ ಇಲ್ಲಿನ ಮಣ್ಣಿನಲ್ಲಿ ಜೇಡಿ ಹೆಚ್ಚು, ವೈನಿನ ಮೈಕಟ್ಟು ದೊಡ್ಡದು. ಬಿಸಿಲು ಹೆಚ್ಚಾಗಿ ಹಣ್ಣಿನ ಸಿಪ್ಪೆ ದಪ್ಪವಾದ 2015ರಲ್ಲಿ ಆ ಗುಣ ಇಮ್ಮಡಿಯಾಗಿದೆ. ಕಪ್ಪು ಪ್ಲಮ್, ಕೋಕೋ, ಹಿಡಿತವಿರುವ ಒಗರು. ಒಳ್ಳೆಯ ವೈನ್ ಎಂಬುದರಲ್ಲಿ ಸಂಶಯವಿಲ್ಲ. ಆ ಸಂಜೆ ಅದಕ್ಕೆ ನ್ಯಾಯ ಸಿಕ್ಕಿದ್ದು ಊಟ ಬಡಿಸಿದ ಮೇಲೆ.

ಇನ್ನು ಗ್ರಾಂ ಕ್ರೂ: ಕ್ಲೋ ದ ವೂಜೋ, 2019. ಇದರ ಹಿಂದಿನ ಕಥೆ ಬರ್ಗಂಡಿಯ ಕಥೆಯೇ. 1098ರಲ್ಲಿ ಸ್ಥಾಪನೆಯಾದ ಸೀತೋ ಮಠದ ಸಿಸ್ಟರ್ಶಿಯನ್ ಸಂನ್ಯಾಸಿಗಳು ಹನ್ನೆರಡನೆಯ ಶತಮಾನದಿಂದ ಈ ಭೂಮಿಯನ್ನು ಒಂದೊಂದಾಗಿ ಕೂಡಿಸಿ, ಸುತ್ತ ಕಲ್ಲಿನ ಗೋಡೆ ಕಟ್ಟಿದರು. ಫ್ರೆಂಚ್ ಕ್ರಾಂತಿಯಲ್ಲಿ ಅದು ಮಠದ ಕೈತಪ್ಪಿ ಮಾರಾಟವಾಯಿತು. ಮುಂದೆ ಮಾರಾಟದಿಂದಲೂ, ಮಕ್ಕಳಿಗೆಲ್ಲ ಸಮಪಾಲು ಎಂಬ ನೆಪೋಲಿಯನ್ ಕಾಲದ ಉತ್ತರಾಧಿಕಾರದ ಕಾನೂನಿನಿಂದಲೂ ತುಂಡಾಗುತ್ತ ಬಂದು, ಇಂದು ಸುಮಾರು 50 ಹೆಕ್ಟೇರಿನ ಈ ಒಂದೇ ತೋಟಕ್ಕೆ ಎಂಬತ್ತರಷ್ಟು ಒಡೆಯರಿದ್ದಾರೆ. ಗೋಡೆಯೊಳಗಿನ ಭೂಮಿಯಷ್ಟಕ್ಕೂ ಗ್ರಾಂ ಕ್ರೂ ದರ್ಜೆ ಇದೆ. ಆದರೆ ಮೇಲ್ಭಾಗದಲ್ಲಿ, ಹಳೆಯ ಕಟ್ಟಡದ ಹತ್ತಿರ, ತೆಳುವಾದ ಸುಣ್ಣಕಲ್ಲಿನ ಮಣ್ಣು; ಕೆಳಗೆ ಹೆದ್ದಾರಿಯ ಕಡೆಗೆ ನೀರು ಬಸಿಯಲು ತಡವಾಗುವ ದಪ್ಪ ಜೇಡಿ. ಎರಡರಿಂದಲೂ ಬರುವ ವೈನಿಗೆ ಲೇಬಲ್ ಮೇಲೆ ಹೆಸರು ಒಂದೇ. ದರ್ಜೆಯೊಂದನ್ನೇ ನಂಬುವವರು ಎಡವುವುದು ಇಲ್ಲಿ.

ಈ ಬಾಟಲಿಯನ್ನು ಎಲ್ಲರೂ ಬರುವ ಮೊದಲೇ ತೆಗೆದು, ಅರ್ಧವನ್ನು ಅಗಲ ತಳದ ಗಾಜಿನ ಪಾತ್ರೆಗೆ ಬಗ್ಗಿಸಿಟ್ಟಿದ್ದೆವು. ಅಷ್ಟು ಗಾಳಿ ತಾಗಿದ್ದರೂ ಅದು ಬಿಚ್ಚಿಕೊಳ್ಳಲಿಲ್ಲ. ಬಿಸಿಲು, ಬರ, ಸಾಂದ್ರವಾದ ಹಣ್ಣು, ಇದು 2019. ಗ್ಲಾಸಿನಲ್ಲಿ ಬಣ್ಣ ಗಾಢವಾಗಿತ್ತು. ಮೂಗಿಗೆ ಓಕ್ ಪೀಪಾಯಿಯ ವೆನಿಲ್ಲಾ ಮತ್ತು ಸುಟ್ಟ ಬ್ರೆಡ್ಡಿನ ಘಮವೇ ಮುಂದಾಗಿ, ಅದರಡಿಯಲ್ಲಿ ಎಷ್ಟೋ ಕಪ್ಪು ಹಣ್ಣು ಇದೆ ಎಂಬ ಸೂಚನೆ ಮಾತ್ರ ಸಿಗುತ್ತಿತ್ತು. ಒಗರು ಬಾಯಿಯ ಮಧ್ಯವನ್ನು ಬಿಗಿಯಾಗಿ ಹಿಡಿದುಬಿಟ್ಟಿತ್ತು. ಒಳ್ಳೆಯ ಕೆಂಪು ಬರ್ಗಂಡಿಗಳು ಬಾಟಲಿ ಸೇರಿದ ಮೊದಲ ಒಂದೆರಡು ವರ್ಷ ಎಳೆ ಹಣ್ಣಿನ ಸೊಗಸಿನಲ್ಲಿದ್ದು, ಆಮೇಲೆ ಮುದುಡಿಕೊಂಡು, ಬಹಳ ವರ್ಷಗಳ ಅನಂತರ ಮತ್ತೆ ತೆರೆದುಕೊಳ್ಳುವುದು ಸಾಮಾನ್ಯ. ನಾವು ಅದನ್ನು ತೆಗೆದದ್ದು ಆ ಮುದುಡಿದ ಅವಧಿಯಲ್ಲಿ ಎಂಬುದು ನನ್ನ ಅನಿಸಿಕೆ. ಅದನ್ನು ಬಹು ಪ್ರೀತಿಯಿಂದ, ದೊಡ್ಡ ಮೊತ್ತ ತೆತ್ತು ತಂದ ಗೆಳೆಯರಿಗಾಗಿ ನಮಗೆಲ್ಲ ಮರುಕವೆನಿಸಿತು. ಆದರೂ ಚೆನ್ನಾಗಿದೆಯೆಂದು ಸುಮ್ಮನೆ ಹೇಳಲು ಯಾರಿಗೂ ಮನಸ್ಸಾಗಲಿಲ್ಲ, ಅವರಿಗೂ ಅದು ಬೇಕಿರಲಿಲ್ಲ.

ಈ ವೈನ್ ಕಳಪೆಯಲ್ಲ ಎಂಬುದಕ್ಕೆ ಸಾಕ್ಷಿ ಮರುದಿನ ಸಿಕ್ಕಿತು. ಬಾಟಲಿಯಲ್ಲಿ ಉಳಿದಿದ್ದ ಕಾಲುಭಾಗವನ್ನು ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಟ್ಟು, ಸಂಜೆ ಹೊರತೆಗೆದು ಹದ ಬೆಚ್ಚಗಾದ ಮೇಲೆ ಇಬ್ಬರು ನೋಡಿದೆವು. ಓಕ್ ಹಿಂದೆ ಸರಿದು ನೇರಳೆ ಬಣ್ಣದ ಹೂವಿನ ಕಂಪು, ಕಪ್ಪು ಚೆರ್ರಿ, ಒಂದು ಬಗೆಯ ಒದ್ದೆ ಕಲ್ಲಿನ ತಂಪು ಬಂದಿತ್ತು. ನುಂಗಿದ ಮೇಲೆ ರುಚಿ ಬಾಯಲ್ಲಿ ಬಹಳ ಹೊತ್ತು ನಿಂತಿತು. ಸಾಧಾರಣ ವೈನ್ ಇಡೀ ದಿನ ಗಾಳಿ ತಾಗಿದ ಮೇಲೆ ಸಪ್ಪೆಯಾಗುತ್ತದೆ, ಇದು ಸುಧಾರಿಸಿತ್ತು. ಹತ್ತು ವರ್ಷ ಕಾಯುವ ತಾಳ್ಮೆಯೂ ತಂಪಾದ ಜಾಗವೂ ಇರುವವರು ಇಂಥದ್ದನ್ನು ಕೊಂಡರೆ ಕೊಟ್ಟ ಹಣಕ್ಕೆ ನಷ್ಟವಿಲ್ಲ.

ಊಟದ ಬಗ್ಗೆ ಎರಡು ಮಾತು. ಒಲೆಯಲ್ಲಿ ಹುರಿದ ಕೋಳಿ, ಬೆಣ್ಣೆಯಲ್ಲಿ ಬಾಡಿಸಿದ ಅಣಬೆ, ಬ್ರೆಡ್, ಎರಡು ಬಗೆಯ ಚೀಸ್ ಇದ್ದವು. ಅಣಬೆ ಮತ್ತು ಹಳೆಯ ವೊಲ್ನೇ ಒಂದನ್ನೊಂದು ಎಷ್ಟು ಚೆನ್ನಾಗಿ ಎತ್ತಿಹಿಡಿದವೆಂದರೆ, ಮಾಂಸ ತಿನ್ನದ ಇಬ್ಬರು ತಮಗೇ ಹೆಚ್ಚು ಲಾಭವಾಯಿತೆಂದು ಹೇಳಿಕೊಂಡರು. ಪೊಮ್ಮಾರ್‌ನ ಒಗರು ಕೋಳಿಯ ಜಿಡ್ಡು ಮತ್ತು ಪ್ರೋಟೀನಿನ ಜೊತೆ ಸೇರಿ ಮೃದುವಾಯಿತು. ಕೋಂತೇ ಚೀಸ್ ಎಲ್ಲದಕ್ಕೂ ಹೊಂದಿತು. ಎಪ್ವಾಸ್ ಬರ್ಗಂಡಿಯದೇ ಚೀಸ್, ದ್ರಾಕ್ಷಿ ಹಿಪ್ಪೆಯ ಮದ್ಯದಲ್ಲಿ ತೊಳೆದು ಮಾಗಿಸುವಂಥದ್ದು. ರುಚಿ ಅದ್ಭುತವಾದರೂ ಅದರ ಘಾಟಿನ ಮುಂದೆ ಕೆಂಪು ವೈನ್ ಯಾವುದೂ ನಿಲ್ಲಲಿಲ್ಲ. ಒಂದೇ ನೆಲದಲ್ಲಿ ಹುಟ್ಟಿದ್ದೆಲ್ಲ ಒಂದೇ ತಟ್ಟೆಯಲ್ಲಿ ಹೊಂದುತ್ತದೆ ಎಂಬ ನಂಬಿಕೆಯನ್ನು ಈ ಜೋಡಿಯ ಮಟ್ಟಿಗೆ ನಾನು ಒಪ್ಪಲಾರೆ.

ಇಂಥ ಕೂಟ ಮಾಡಬೇಕೆಂದಿರುವವರಿಗೆ ಹೇಳಬೇಕಾದದ್ದು ಇಷ್ಟು. ಎಂಟು ಜನರಿಗೆ ಐದಾರು ಬಾಟಲಿ ಸಾಕು. ಏಳನೆಯದರ ಹೊತ್ತಿಗೆ ನಮ್ಮ ಗಮನ ಮಂಕಾಗಿತ್ತು, ಪೊಮ್ಮಾರ್ ಅದರಿಂದ ಪೆಟ್ಟು ತಿಂದಿತು. ಕೆಟ್ಟ ಕಾರ್ಕಿನ ಸಾಧ್ಯತೆಗಾಗಿ ಒಂದು ಹೆಚ್ಚುವರಿ ಬಾಟಲಿ ಬದಿಯಲ್ಲಿರಲಿ. ಎಳೆಯ ವೈನ್ ಬೇಕಿದ್ದರೆ ಬೂರ್ಗೋನ್ ದರ್ಜೆಯಲ್ಲೇ ಒಳ್ಳೆಯ ತಯಾರಕರದ್ದನ್ನು ಹುಡುಕಿ. ಊರಿನ ಹೆಸರಿನ ವೈನ್‌ಗಳಲ್ಲಿ 2017ರವು ಈಗ ಸರಿಯಾದ ಹದದಲ್ಲಿವೆ, ಅವುಗಳನ್ನು ಇನ್ನು ಕಾಯಿಸಬೇಕಾಗಿಲ್ಲ. ಪ್ರೆಮಿಯೆ ಕ್ರೂ ಆದರೆ ಹತ್ತು ವರ್ಷ ದಾಟಿದ್ದನ್ನು ಆರಿಸಿ. ಗ್ರಾಂ ಕ್ರೂ ತರಲೇಬೇಕೆಂದಿದ್ದರೆ ಹದಿನೈದು ವರ್ಷಕ್ಕಿಂತ ಹಳೆಯದು, ಚೆನ್ನಾಗಿ ಇಟ್ಟದ್ದು ಸಿಕ್ಕರೆ ಮಾತ್ರ ತನ್ನಿ. ಸಿಗದಿದ್ದರೆ ಅದೇ ಹಣದಲ್ಲಿ ವೊಲ್ನೇ, ಸಾವಿನ್ಯಿ ಮತ್ತು ಶಾಂಬೋಲ್ ಒಂದೊಂದು ಕೊಳ್ಳಲು ಸಾಧ್ಯವೇ ಎಂದು ನೋಡಿ.